ನೆಟ್‌ವರ್ಕ್ ಹೋದಾಗ ಲೆಕ್ಕ ಬರೆಯುವವರು ಯಾರು?

2023ರ ನವೆಂಬರ್ 8ರ ಬೆಳಗಿನ ಜಾವ 4 ಗಂಟೆ ದಾಟುತ್ತಿದ್ದಂತೆ ಆಸ್ಟ್ರೇಲಿಯಾದ ಎರಡನೇ ಅತಿ ದೊಡ್ಡ ದೂರಸಂಪರ್ಕ ಕಂಪನಿ ಆಪ್ಟಸ್‌ನ ಜಾಲ ದೇಶದುದ್ದಕ್ಕೂ ಸ್ತಬ್ಧವಾಯಿತು. ಮೊಬೈಲು, ಮನೆಯ ಇಂಟರ್ನೆಟ್ಟು, ಲ್ಯಾಂಡ್‌ಲೈನು ಮೂರೂ ಒಟ್ಟಿಗೇ ಹೋದವು. ಎರಡೂಮುಕ್ಕಾಲು ಕೋಟಿ ಜನವೂ ಇಲ್ಲದ ದೇಶದಲ್ಲಿ 1 ಕೋಟಿಗೂ ಹೆಚ್ಚು ಗ್ರಾಹಕರು, ಸುಮಾರು 4 ಲಕ್ಷ ವ್ಯಾಪಾರ-ಉದ್ಯಮಗಳು ಸಂಪರ್ಕ ಕಳೆದುಕೊಂಡವು. ಮೆಲ್ಬರ್ನಿನಲ್ಲಿ ರೈಲು ಚಾಲಕರಿಗೂ ನಿಯಂತ್ರಣ ಕೊಠಡಿಗೂ ಮಾತು ಕಡಿದುಹೋಗಿ ಮುಂಜಾನೆಯ ರೈಲುಗಳು ನಿಂತವು. ಆಸ್ಪತ್ರೆಗಳ ಫೋನುಗಳು ಸತ್ತವು. ಅಂಗಡಿಗಳ ಕಾರ್ಡ್ ಯಂತ್ರಗಳು ಕೈಕೊಟ್ಟವು; ನಗದು ಇಟ್ಟುಕೊಳ್ಳುವ ರೂಢಿಯನ್ನೇ ಬಿಟ್ಟಿದ್ದ ಗ್ರಾಹಕರು ಕಾಫಿಯ ಲೋಟ ಕೈಯಲ್ಲಿ ಹಿಡಿದು ನಿಂತರು. ಎಲ್ಲ ಸೇವೆಗಳೂ ಮರಳಿ ಬರುವ ಹೊತ್ತಿಗೆ ಸುಮಾರು 14 ಗಂಟೆ ಕಳೆದಿತ್ತು.

ಆಸ್ಟ್ರೇಲಿಯಾದ ದೂರಸಂಪರ್ಕ ಕಂಪನಿಗಳು ಸೇವಾ ವ್ಯತ್ಯಯಗಳನ್ನು ನಿಭಾಯಿಸುವ ರೀತಿಗೆ ಈ ಒಂದು ದಿನವನ್ನು ಕೈಗನ್ನಡಿಯೆಂದು ಹಿಡಿದು ನೋಡಬಹುದು. ಅದಕ್ಕೊಂದು ಸಿದ್ಧ ಕ್ರಮವೇ ಬೆಳೆದುಬಂದಿದೆ. ಮೊದಲು ಮೌನ, ಆಮೇಲೆ ವಿಷಾದ, ಅದರ ಬೆನ್ನಿಗೆ ಒಂದಿಷ್ಟು ಉಚಿತ ಡೇಟಾ, ಕೊನೆಗೊಂದು ವಿಚಾರಣೆ. ಈ ಕ್ರಮ ಯಾರಿಗೆ ಅನುಕೂಲವಾಗಿದೆ, ಗ್ರಾಹಕರ ಸಿಟ್ಟಿಗೆ ಅದರಲ್ಲಿ ಎಷ್ಟು ಉತ್ತರವಿದೆ, 2024ರಿಂದೀಚೆಗೆ ಅಲ್ಲಿನ ಸರ್ಕಾರ ತಂದಿರುವ ನಿಯಮಗಳು ಅದನ್ನು ಎಷ್ಟರಮಟ್ಟಿಗೆ ಬದಲಿಸಿವೆ ಎಂಬುದು ಇಲ್ಲಿನ ವಿಚಾರ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಂಪನಿ ತನ್ನ ಕಡೆಯಿಂದ ಅಳೆದ ನಷ್ಟವನ್ನೇ ವ್ಯವಸ್ಥೆ ಈಗಲೂ ನಷ್ಟವೆಂದು ನಂಬುತ್ತದೆ. ಗ್ರಾಹಕ ಕಳೆದುಕೊಂಡದ್ದು ಅದರ ಪುಸ್ತಕಕ್ಕೆ ಏರುವುದೇ ಇಲ್ಲ. ಉಳಿದ ದೂರುಗಳೆಲ್ಲ ಈ ಒಂದು ದೋಷದಿಂದ ಹುಟ್ಟುತ್ತವೆ.

ಜಾಲ ಕೆಡುವುದು ಅಪರಾಧವಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಆಪ್ಟಸ್ ಜಾಲ ಬಿದ್ದದ್ದು ಯಾರದೋ ದಾಳಿಯಿಂದಲ್ಲ. ಮಾಮೂಲಿ ಸಾಫ್ಟ್‌ವೇರ್ ಅಪ್‌ಗ್ರೇಡ್ ಒಂದರ ಬೆನ್ನಿಗೆ ಅಂತರರಾಷ್ಟ್ರೀಯ ಜಾಲದ ಕಡೆಯಿಂದ ಡೇಟಾ ಸಾಗುವ ದಾರಿಗಳ ಮಾಹಿತಿ ಭಾರಿ ಪ್ರಮಾಣದಲ್ಲಿ ಬದಲಾಗಿ ಒಳಗೆ ಹರಿದುಬಂತು. ರೌಟರುಗಳಿಗೆ ಮೊದಲೇ ಗೊತ್ತುಮಾಡಿದ್ದ ಸುರಕ್ಷತಾ ಮಿತಿ ಮೀರಿತು. ಸುಮಾರು 90 ರೌಟರುಗಳು ತಮ್ಮನ್ನು ತಾವೇ ಮುಖ್ಯ ಜಾಲದಿಂದ ಬೇರ್ಪಡಿಸಿಕೊಂಡವು. ಕೆಲವನ್ನು ಎಂಜಿನಿಯರುಗಳು ಖುದ್ದಾಗಿ ಹೋಗಿ ಮತ್ತೆ ಚಾಲೂ ಮಾಡಬೇಕಾಯಿತು. ಇಷ್ಟು ಸಂಕೀರ್ಣವಾದ ಯಂತ್ರವ್ಯೂಹದಲ್ಲಿ ಇಂಥದ್ದು ನಡೆಯುತ್ತದೆ, ಮುಂದೆಯೂ ನಡೆಯುತ್ತದೆ. ಗ್ರಾಹಕರಿಗೂ ಇದು ಗೊತ್ತು. ಆದರೆ ಇಡೀ ದೇಶದ ಜಾಲ ಒಮ್ಮೆಗೇ ಬಿದ್ದರೆ ಏನು ಮಾಡಬೇಕೆಂಬ ಯೋಜನೆ ತಮ್ಮಲ್ಲಿ ಇರಲಿಲ್ಲವೆಂದು ಕಂಪನಿಯ ಅಧಿಕಾರಿಗಳು ಅದೇ ತಿಂಗಳ 17ರಂದು ಸೆನೆಟ್ ಸಮಿತಿಯ ಮುಂದೆ ಒಪ್ಪಿಕೊಂಡಾಗ ಜನರಿಗೆ ಬಂದ ಸಿಟ್ಟು ಬೇರೆ ಬಗೆಯದು. ಕೆಟ್ಟದ್ದಕ್ಕಿಂತ, ಕೆಡಬಹುದೆಂದು ಯಾರೂ ಯೋಚಿಸಿರಲಿಲ್ಲ ಎಂಬುದು ಅವರನ್ನು ಕೆರಳಿಸಿತು. ಮೂರು ದಿನಗಳ ಬಳಿಕ ಮುಖ್ಯ ಕಾರ್ಯನಿರ್ವಾಹಕಿ ಕೆಲ್ಲಿ ಬೇಯರ್ ರೋಸ್‌ಮರಿನ್ ರಾಜೀನಾಮೆ ಕೊಟ್ಟರು. ಒಬ್ಬರು ಕುರ್ಚಿ ಬಿಟ್ಟ ಮಾತ್ರಕ್ಕೆ ಆ ಪ್ರಶ್ನೆ ಮುಗಿಯಲಿಲ್ಲ.

ಮೊದಲ ದೂರು ಮೌನದ್ದು. ಬೆಳಿಗ್ಗೆ ಎದ್ದು ಫೋನ್ ನೋಡಿದವರಿಗೆ ಕಂಡದ್ದು ಸಿಗ್ನಲ್ ಇಲ್ಲದ ಪರದೆ. ಕೆಟ್ಟಿರುವುದು ತನ್ನ ಫೋನೋ, ಮನೆಯ ಮೋಡೆಮ್ಮೋ, ಬಿಲ್ ಕಟ್ಟದೆ ಸಂಪರ್ಕ ಕಡಿದಿದ್ದಾರೋ, ಊರಿಗೇ ಹೀಗಾಗಿದೆಯೋ ಎಂದು ತಿಳಿಯುವ ದಾರಿ ಇರಲಿಲ್ಲ. ಮಾಹಿತಿ ಬೇಕಾದವರು ಜಾಲತಾಣ ನೋಡಬೇಕು. ನೋಡಲು ಜಾಲವೇ ಇಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡೋಣವೆಂದರೆ ಫೋನೇ ಇಲ್ಲ. ಕಂಪನಿಯ ಮುಖ್ಯಸ್ಥೆ ಬೆಳಗಿನ ರೇಡಿಯೊ ಕಾರ್ಯಕ್ರಮದಲ್ಲಿ ವಾಟ್ಸಾಪ್ ಕರೆಯ ಮೂಲಕ ಮಾತಾಡುವ ಹೊತ್ತಿಗೆ ಜನ ಕತ್ತಲಲ್ಲಿ ಗಂಟೆಗಟ್ಟಲೆ ಕಳೆದಾಗಿತ್ತು. ಆಸ್ಟ್ರೇಲಿಯಾದಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಈ ಮೌನ ಸಾಗರದ ಈಚೆಗೂ ಚಾಚಿತ್ತು. ಜಾಲ ಬಿದ್ದಾಗ ನಮ್ಮಲ್ಲಿ ಹಿಂದಿನ ರಾತ್ರಿ 10.30 ದಾಟಿತ್ತು, ಮರುದಿನ ಇಲ್ಲಿನ ಬೆಳಗಿನ ಕಾಫಿಯ ವೇಳೆಗೂ ಅಲ್ಲಿ ಸಂಪರ್ಕ ಪೂರ್ತಿ ಮರಳಿರಲಿಲ್ಲ. ಮಗಳ ಜತೆ ದಿನವೂ ವಾಟ್ಸಾಪಿನಲ್ಲಿ ಮಾತಾಡುವ ತಾಯಿಗೆ, ಕಳಿಸಿದ ಸಂದೇಶಕ್ಕೆ ಎರಡನೇ ಗುರುತು ಬೀಳದಿದ್ದಾಗ, ಅದು ರೌಟರಿನ ಸಮಸ್ಯೆಯೆಂದು ಯಾರು ಹೇಳಬೇಕು? ಸುದ್ದಿ ತಿಳಿಯದಿದ್ದಾಗ ಮನಸ್ಸು ಮೊದಲು ಕೆಟ್ಟದ್ದನ್ನೇ ಊಹಿಸುತ್ತದೆ.

ಈ ಮೌನವನ್ನು ಮುರಿಯಲು ಆಸ್ಟ್ರೇಲಿಯಾ ನಿಜವಾದ ಕೆಲಸ ಮಾಡಿದೆ, ಅದನ್ನು ಮೆಚ್ಚಲೇಬೇಕು. ಅಲ್ಲಿನ ಸಂವಹನ ಮತ್ತು ಮಾಧ್ಯಮ ಪ್ರಾಧಿಕಾರ ರೂಪಿಸಿದ ನಿಯಮ 2024ರ ಡಿಸೆಂಬರ್ 31ರಂದು ಜಾರಿಗೆ ಬಂತು. ದೊಡ್ಡ ವ್ಯತ್ಯಯ ಉಂಟಾದಾಗ ಕಂಪನಿ ಗ್ರಾಹಕರಿಗೂ ಸಾರ್ವಜನಿಕರಿಗೂ ತಿಳಿಸಬೇಕು, ಯಾವ ಸೇವೆ, ಯಾವ ಪ್ರದೇಶ, ಸರಿಹೋಗುವುದು ಯಾವಾಗ ಎಂಬುದನ್ನು ಹೇಳಬೇಕು, ಹೊಸ ಮಾಹಿತಿ ಕೊಡುತ್ತಾ ಹೋಗಬೇಕು. 2025ರ ಮಧ್ಯದಿಂದ ಪ್ರಾದೇಶಿಕ ವ್ಯತ್ಯಯಗಳಿಗೂ ಇದು ಅನ್ವಯಿಸಿತು. ಮೊದಲು ಕಂಪನಿಯ ಸೌಜನ್ಯಕ್ಕೆ ಬಿಟ್ಟಿದ್ದು ಈಗ ಕಾನೂನಿನ ಕರ್ತವ್ಯವಾಗಿದೆ. ತುರ್ತು ಕರೆ ವಿಫಲವಾದರೆ ಪ್ರಾಧಿಕಾರಕ್ಕೂ ತುರ್ತು ಸೇವೆಗಳಿಗೂ ಕೂಡಲೇ ತಿಳಿಸಬೇಕೆಂಬ ಕಟ್ಟುಪಾಡೂ 2025ರ ನವೆಂಬರ್‌ನಿಂದ ಬಂದಿದೆ.

ಆದರೆ ಈ ನಿಯಮದ ಒಳಹೊಕ್ಕು ನೋಡಿ. 1 ಲಕ್ಷ ಸಂಪರ್ಕಗಳು ಅಥವಾ ಒಂದಿಡೀ ರಾಜ್ಯ ಒಂದು ಗಂಟೆಗೂ ಹೆಚ್ಚು ಕಾಲ ಬಾಧಿತವಾದರೆ ಅದು ‘ದೊಡ್ಡ’ ವ್ಯತ್ಯಯ. ನಗರಗಳಿಂದ ದೂರದ ಪ್ರಾಂತ್ಯಗಳಲ್ಲಿ 1,000 ಸಂಪರ್ಕಗಳು 6 ಗಂಟೆಗೂ ಹೆಚ್ಚು, ಇನ್ನೂ ದುರ್ಗಮವಾದ ಒಳನಾಡಿನಲ್ಲಿ 250 ಸಂಪರ್ಕಗಳು 3 ಗಂಟೆಗೂ ಹೆಚ್ಚು ಕಾಲ ಹೋದರೆ ಅದು ‘ಗಮನಾರ್ಹ’. ನಿಯಮಕ್ಕೆ ಎಲ್ಲಾದರೂ ಗೆರೆ ಎಳೆಯಬೇಕೆಂಬುದು ಸರಿ. ಎಳೆದಿರುವ ಗೆರೆ ಮಾತ್ರ ಜಾಲದ ನಕ್ಷೆಯ ಮೇಲಿದೆ, ಮನೆಯ ಹೊಸ್ತಿಲ ಬಳಿ ಇಲ್ಲ. ಕ್ವೀನ್ಸ್‌ಲ್ಯಾಂಡಿನ ಒಳಭಾಗದ ಒಂದು ಪುಟ್ಟ ಊರಿನಲ್ಲಿ 90 ಮನೆಗಳಿದ್ದು ಇರುವ ಒಂದೇ ಟವರ್ ಕೆಟ್ಟರೆ, ಅಲ್ಲಿನವರ ಪಾಲಿಗೆ ದೇಶದ ಸಂಪರ್ಕವೆಲ್ಲ ಹೋದಂತೆಯೇ. ನಿಯಮದ ಪಾಲಿಗೆ ಅದು ಗಮನಾರ್ಹವಲ್ಲ. ಮೆಲ್ಬರ್ನಿನ ಒಂದು ಬೀದಿಯಲ್ಲಿ ಕೇಬಲ್ ತುಂಡಾಗಿ ಹತ್ತಾರು ಮನೆಗಳ ಇಂಟರ್ನೆಟ್ ವಾರಗಟ್ಟಲೆ ಬರದಿದ್ದರೂ ಹಾಗೆಯೇ. ದೇಶದ ಗಮನ ಸೆಳೆಯುವ ಮಹಾಪತನಗಳು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಆಗುತ್ತವೆ. ಸಾಮಾನ್ಯ ಗ್ರಾಹಕನನ್ನು ಕಾಡುವುದು ಪತ್ರಿಕೆಗೆ ಬಾರದ ಈ ಸಣ್ಣ ವ್ಯತ್ಯಯಗಳು. ಅವನ ಹತಾಶೆ ಬೆಳೆಯುವುದು ಅಲ್ಲಿ.

ಸಣ್ಣ ವ್ಯತ್ಯಯಗಳಲ್ಲಿ ಹೊಣೆ ಹೇಗೆ ಜಾರಿಕೊಳ್ಳುತ್ತದೆ ಎಂಬುದಕ್ಕೆ ಅಲ್ಲಿನ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ಜಾಲದ ರಚನೆಯೇ ಸಾಕ್ಷಿ. 2009ರಲ್ಲಿ ಕೆವಿನ್ ರಡ್ ಸರ್ಕಾರ ಈ ಯೋಜನೆಯನ್ನು ಪ್ರಕಟಿಸಿದಾಗ ಶೇ 90ರಷ್ಟು ಮನೆಗಳ ಬಾಗಿಲಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಕನಸಿತ್ತು. 2013ರಲ್ಲಿ ಸರ್ಕಾರ ಬದಲಾದ ಮೇಲೆ ಹಳೆಯ ತಾಮ್ರದ ತಂತಿ, ಕೇಬಲ್ ಟಿವಿಯ ತಂತಿ, ಫೈಬರ್, ವೈರ್‌ಲೆಸ್, ಉಪಗ್ರಹ ಎಲ್ಲವನ್ನೂ ಬೆರೆಸಿದ ವ್ಯವಸ್ಥೆಗೆ ಅದು ಹೊರಳಿತು. ತಂತಿಯ ಒಡೆತನ ಸರ್ಕಾರಿ ಸ್ವಾಮ್ಯದ ಎನ್‌ಬಿಎನ್ ಕಂಪನಿಯದು. ಅದು ಸಗಟು ವ್ಯಾಪಾರಿ. ಗ್ರಾಹಕನಿಗೆ ಸಂಪರ್ಕ ಮಾರುವುದು ಟೆಲ್‌ಸ್ಟ್ರಾ, ಆಪ್ಟಸ್, ಟಿಪಿಜಿಯಂಥ ಚಿಲ್ಲರೆ ಕಂಪನಿಗಳು. ಗ್ರಾಹಕನ ಒಪ್ಪಂದ ಚಿಲ್ಲರೆ ಕಂಪನಿಯ ಜತೆಗೆ, ದೋಷ ಇರುವುದು ಹಲವು ಸಲ ಸಗಟು ಕಂಪನಿಯ ತಂತಿಯಲ್ಲಿ. ದೂರು ಹೇಳಲು ಫೋನ್ ಮಾಡಿದರೆ ಮೊದಲು ಮೋಡೆಮ್ ಆಫ್ ಮಾಡಿ ಆನ್ ಮಾಡಿ ಎಂಬ ಪಾಠ. ಅದು ಮುಗಿದ ಮೇಲೆ ದೋಷ ನಮ್ಮದಲ್ಲ, ಎನ್‌ಬಿಎನ್‌ನದು ಎಂಬ ಉತ್ತರ. ಎನ್‌ಬಿಎನ್ ಗ್ರಾಹಕನೊಂದಿಗೆ ನೇರವಾಗಿ ವ್ಯವಹರಿಸುವುದಿಲ್ಲ. ನಿಮ್ಮ ಕಂಪನಿಯನ್ನೇ ಕೇಳಿ ಎನ್ನುತ್ತದೆ. ತಂತ್ರಜ್ಞ ಬರುವ ದಿನಕ್ಕೆಂದು ರಜೆ ಹಾಕಿ ಮನೆಯಲ್ಲಿ ಕಾದರೆ ಆ ದಿನ ಆತ ಬರುವುದಿಲ್ಲ. ಬಾರದ ತಂತ್ರಜ್ಞನ ಲೆಕ್ಕದಲ್ಲಿ ಸಗಟು ಕಂಪನಿ ಚಿಲ್ಲರೆ ಕಂಪನಿಗೆ ರಿಯಾಯಿತಿ ಕೊಡುವ ಏರ್ಪಾಡು ಇದೆ. ಆ ಹಣದ ಮೊದಲ ಹಕ್ಕುದಾರ ರಜೆ ಕಳೆದುಕೊಂಡವನಲ್ಲ, ನಡುವೆ ಇರುವ ಕಂಪನಿ. ಇಬ್ಬರು ಯಜಮಾನರ ನಡುವೆ ಕಾಯುವ ಗ್ರಾಹಕನ ದಿನಗಳನ್ನು ಇಬ್ಬರೂ ಎಣಿಸುವುದಿಲ್ಲ.

ಪರಿಹಾರದ ವಿಷಯಕ್ಕೆ ಬಂದರೆ ಈ ದೋಷ ಇನ್ನೂ ಎದ್ದು ಕಾಣುತ್ತದೆ. 2016ರ ಫೆಬ್ರುವರಿ 9ರಂದು ಸಿಬ್ಬಂದಿಯ ಕೈತಪ್ಪಿನಿಂದ ಟೆಲ್‌ಸ್ಟ್ರಾ ಮೊಬೈಲ್ ಜಾಲ ಕೆಟ್ಟಾಗ ಕಂಪನಿ ಮುಂದಿನ ಭಾನುವಾರ ಎಲ್ಲರಿಗೂ ಉಚಿತ ಡೇಟಾ ಕೊಟ್ಟಿತು. ಆ ಒಂದೇ ದಿನ ಜನ 1,841 ಟೆರಾಬೈಟ್ ಡೇಟಾ ಬಳಸಿದರು. ಮರುತಿಂಗಳು ಜಾಲ ಮತ್ತೆ ಕೆಟ್ಟಿತು. ಏಪ್ರಿಲ್ 3ರಂದು ಮತ್ತೊಂದು ಉಚಿತ ಭಾನುವಾರ ಬಂತು. ಏಳು ವರ್ಷಗಳ ಬಳಿಕ ಆಪ್ಟಸ್ ತನ್ನ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ 200 ಜಿಬಿ ಡೇಟಾ ಘೋಷಿಸಿತು. ಅದನ್ನೂ ಗ್ರಾಹಕರೇ ಕೇಳಿ ಪಡೆಯಬೇಕಿತ್ತು. ಒಂದು ಇಡೀ ದಿನ ಗಿರಾಕಿಗಳಿಂದ ಹಣ ಪಡೆಯಲಾಗದ ಹೂವಿನ ಅಂಗಡಿಗೆ, ಬುಕಿಂಗ್ ಬಾರದ ಟ್ಯಾಕ್ಸಿ ಚಾಲಕನಿಗೆ, ಆನ್‌ಲೈನ್ ಪರೀಕ್ಷೆಗೆ ಕೂರಬೇಕಿದ್ದ ವಿದ್ಯಾರ್ಥಿಗೆ ಆ 200 ಜಿಬಿಯಿಂದ ಏನಾಗಬೇಕು? ಇದು ಮೂಗಿಗೆ ತುಪ್ಪ ಸವರುವ ಕೆಲಸ. ಕಂಪನಿಗೆ ಹೆಚ್ಚುವರಿ ಡೇಟಾ ಕೊಡಲು ತಗಲುವ ಖರ್ಚು ಅತ್ಯಲ್ಪ. ಗ್ರಾಹಕ ಕಳೆದುಕೊಂಡದ್ದಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. ಕಳೆದುಕೊಂಡದ್ದು ದಿನದ ದುಡಿಮೆ, ಸಿಕ್ಕಿದ್ದು ಅನೇಕರು ಬಳಸದೇ ಬಿಡುವ ಜಿಬಿ.

ಆಸ್ಟ್ರೇಲಿಯಾದಲ್ಲಿ ಪರಿಹಾರಕ್ಕೆ ಕಾನೂನಿನ ಆಧಾರವೇ ಇಲ್ಲವೆಂದಲ್ಲ. ಲ್ಯಾಂಡ್‌ಲೈನ್ ಕಾಲದಲ್ಲಿ ರೂಪುಗೊಂಡ ಗ್ರಾಹಕ ಸೇವಾ ಖಾತರಿ ಇನ್ನೂ ಕಾನೂನಿನ ಪುಸ್ತಕದಲ್ಲಿದೆ. ನಗರದಲ್ಲಿ ದೂರು ಕೊಟ್ಟ ನಂತರದ ಕೆಲಸದ ದಿನ ಮುಗಿಯುವುದರೊಳಗೆ, ಹಳ್ಳಿಗಾಡಿನಲ್ಲಿ 2, ದುರ್ಗಮ ಪ್ರದೇಶದಲ್ಲಿ 3 ಕೆಲಸದ ದಿನಗಳಲ್ಲಿ ದುರಸ್ತಿಯಾಗಬೇಕು. ತಡವಾದರೆ ಮನೆ ಬಳಕೆದಾರನಿಗೆ ಮೊದಲ 5 ಕೆಲಸದ ದಿನ ದಿನಕ್ಕೆ 14.52 ಡಾಲರ್, ಆಮೇಲೆ ದಿನಕ್ಕೆ 48.40 ಡಾಲರ್. ಎಷ್ಟು ಸರಳವಾದ, ಎಷ್ಟು ಗೌರವಯುತವಾದ ನಿಯಮ! ಗ್ರಾಹಕ ಕಾದ ಪ್ರತಿ ದಿನಕ್ಕೂ ಬೆಲೆ ಕಟ್ಟಿದೆ, ಕಾಯಿಸಿದಷ್ಟೂ ಬೆಲೆ ಏರುತ್ತದೆ. ಆದರೆ ಈ ಖಾತರಿ ಸ್ಥಿರ ದೂರವಾಣಿಯ ಧ್ವನಿ ಸೇವೆಗೆ ಮಾತ್ರ. ಮೊಬೈಲಿಗಿಲ್ಲ, ಇಂಟರ್ನೆಟ್ಟಿಗಿಲ್ಲ. ಜನ ಲ್ಯಾಂಡ್‌ಲೈನ್ ಕೈಬಿಟ್ಟು ಮೊಬೈಲಿಗೂ ಬ್ರಾಡ್‌ಬ್ಯಾಂಡಿಗೂ ಹೋದಂತೆ ಖಾತರಿ ಮಾತ್ರ ಹಳೆಯ ತಂತಿಯ ಬಳಿಯೇ ಉಳಿಯಿತು. ಅದರಲ್ಲೂ ಗ್ರಾಹಕನಿಂದ ಈ ಹಕ್ಕನ್ನು ಬಿಟ್ಟುಕೊಡಿಸಿಕೊಳ್ಳಲು ಹಲವು ಕಂಪನಿಗಳಿಗೆ ಅವಕಾಶವಿದೆ. ಬಿರುಗಾಳಿ, ಪ್ರವಾಹ ಬಂದಾಗ ಸಾಮೂಹಿಕ ವ್ಯತ್ಯಯವೆಂದು ಘೋಷಿಸಿ ವಿನಾಯಿತಿಯನ್ನೂ ಪಡೆಯಬಹುದು. ಇಂದು ಬದುಕು ನಡೆಯುವ ಸೇವೆಗೆ ಖಾತರಿಯಿಲ್ಲ; ಬಳಕೆ ಕ್ಷೀಣಿಸುತ್ತಿರುವ ಸೇವೆಗೆ ಖಾತರಿಯಿದೆ. ಒಂದು ಶ್ರೀಮಂತ ದೇಶ ಇದನ್ನು ಇಷ್ಟು ವರ್ಷ ಹಾಗೇ ಬಿಟ್ಟದ್ದು ನನಗೆ ಅರ್ಥವಾಗದ ಸಂಗತಿ.

ಬೇರೆಡೆ ಇದು ಅಸಾಧ್ಯವೆನಿಸಿಲ್ಲ. ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ದೊಡ್ಡ ಬ್ರಾಡ್‌ಬ್ಯಾಂಡ್ ಮತ್ತು ಲ್ಯಾಂಡ್‌ಲೈನ್ ಕಂಪನಿಗಳು ಒಪ್ಪಿಕೊಂಡ ಸ್ವಯಂಚಾಲಿತ ಪರಿಹಾರ ಯೋಜನೆಯಿದೆ. ಸೇವೆ ಪೂರ್ತಿ ನಿಂತು ಎರಡು ಕೆಲಸದ ದಿನಗಳಲ್ಲಿ ಸರಿಹೋಗದಿದ್ದರೆ ದಿನಕ್ಕಿಷ್ಟು ಎಂದು ಗೊತ್ತಾದ ಮೊತ್ತ ಗ್ರಾಹಕನ ಖಾತೆಗೆ ತಾನಾಗಿ ಬರುತ್ತದೆ. ಪರಿಹಾರಕ್ಕಾಗಿ ಅರ್ಜಿ ಹಾಕುವುದಿಲ್ಲ, ಬೇಡುವುದಿಲ್ಲ. ಭಾರತದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೂ 2024ರ ನಿಯಮಗಳಲ್ಲಿ ಒಂದು ಜಿಲ್ಲೆಯ ಮಟ್ಟದಲ್ಲಿ 24 ಗಂಟೆಗೂ ಮೀರಿ ಸೇವೆ ನಿಂತರೆ ಪೋಸ್ಟ್‌ಪೇಯ್ಡ್ ಗ್ರಾಹಕರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆ ಕೊಡಬೇಕೆಂದು ಹೇಳಿದೆ. ನಮ್ಮ ನಿಯಮದ ಮಿತಿ ದೊಡ್ಡದು, ಮೊತ್ತ ಸಣ್ಣದು. ಆದರೂ ತತ್ವ ಸರಿಯಾಗಿದೆ. ಕೊಡದ ಸೇವೆಗೆ ಹಣ ಪಡೆಯಬಾರದು, ಹಿಂದಿರುಗಿಸಲು ಗ್ರಾಹಕ ಬಾಗಿಲು ತಟ್ಟುವಂತಿರಬಾರದು.

ಆಸ್ಟ್ರೇಲಿಯಾದ ಗ್ರಾಹಕ ತಟ್ಟಬಹುದಾದ ಬಾಗಿಲು ದೂರಸಂಪರ್ಕ ಒಂಬುಡ್ಸ್‌ಮನ್‌ದು. 1993ರಿಂದ ಇರುವ ಈ ಸಂಸ್ಥೆ ಗ್ರಾಹಕರಿಂದ ಒಂದು ಸೆಂಟನ್ನೂ ಪಡೆಯುವುದಿಲ್ಲ, ವೆಚ್ಚ ಕಂಪನಿಗಳದು. 1 ಲಕ್ಷ ಡಾಲರ್‌ವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಅದಕ್ಕಿದೆ. ಇದು ಆ ದೇಶದ ಗ್ರಾಹಕ ಹಕ್ಕಿನ ವ್ಯವಸ್ಥೆಯಲ್ಲಿ ಅತ್ಯುತ್ತಮ ಅಂಗವೆಂದು ನಾನು ಭಾವಿಸುತ್ತೇನೆ. ಆದರೆ ಅಲ್ಲಿಗೆ ಹೋಗುವ ಮೊದಲು ಕಂಪನಿಯೊಂದಿಗೆ ಹೆಣಗಾಡಿರಬೇಕು, ನಷ್ಟಕ್ಕೆ ದಾಖಲೆ ತೋರಿಸಬೇಕು, ಇಂಗ್ಲಿಷಿನಲ್ಲಿ ವಾದಿಸುವ ಧೈರ್ಯ ಇರಬೇಕು. ವಲಸೆ ಬಂದ ಹೊಸದರಲ್ಲಿ ಪ್ರೀಪೇಯ್ಡ್ ಸಿಮ್‌ನಲ್ಲಿ ಬದುಕುವ ವಿದ್ಯಾರ್ಥಿ, ಮಕ್ಕಳ ಮನೆಗೆ ಬಂದು ನೆಲೆಸಿದ ವೃದ್ಧರು, ಎರಡು ಪಾಳಿ ದುಡಿಯುವ ಟ್ಯಾಕ್ಸಿ ಚಾಲಕ ಇವರಲ್ಲಿ ಎಷ್ಟು ಜನ ಅಲ್ಲಿಯವರೆಗೆ ಹೋಗುತ್ತಾರೆ? ದೂರು ಕೊಟ್ಟವನಿಗೆ ಮಾತ್ರ ನ್ಯಾಯ ಸಿಗುವ ಕಡೆ ದೂರು ಕೊಡಲಾರದವನ ನಷ್ಟ ಸದಾ ಸೊನ್ನೆಯಾಗಿಯೇ ದಾಖಲಾಗುತ್ತದೆ.

ನಗರದ ಗ್ರಾಹಕ ಕಳೆದುಕೊಳ್ಳುವುದು ದಿನದ ದುಡಿಮೆಯಾದರೆ ಹಳ್ಳಿಗಾಡಿನವ ಕಳೆದುಕೊಳ್ಳುವುದು ಕೆಲವೊಮ್ಮೆ ಅದಕ್ಕಿಂತ ದೊಡ್ಡದು. ಕಂಪನಿಗಳು ದೇಶದ ಜನಸಂಖ್ಯೆಯ ಶೇ 99ರಷ್ಟು ಜನರಿಗೆ ಮೊಬೈಲ್ ಸಿಗ್ನಲ್ ಕೊಟ್ಟಿದ್ದೇವೆಂದು ಹೇಳಿಕೊಳ್ಳುತ್ತವೆ. ಸುಮಾರು 77 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಆ ನೆಲದ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ಸಿಗ್ನಲ್ಲೇ ಇಲ್ಲ. ಮಲಗುವವರ ಮನೆ ಎಣಿಸಿದರೆ ಮೊದಲ ಅಂಕಿ, ಕುರಿ ಕಾಯುವ, ಬೇಲಿ ಕಟ್ಟುವ, ಲಾರಿ ಓಡಿಸುವ ದಾರಿಗಳನ್ನು ಎಣಿಸಿದರೆ ಎರಡನೆಯದು. ಇರುವ ಸಿಗ್ನಲ್ ಕೂಡ ಎಂಥದ್ದೆಂದು 2019-20ರ ಬೇಸಿಗೆಯ ಕಾಳ್ಗಿಚ್ಚು ತೋರಿಸಿತು. ಡಿಸೆಂಬರ್ 19ರಿಂದ ಜನವರಿ 31ರವರೆಗೆ 1,390 ದೂರಸಂಪರ್ಕ ಘಟಕಗಳು ಬಾಧಿತವಾದವು. 888 ಘಟಕಗಳು 4 ಗಂಟೆಗೂ ಹೆಚ್ಚು ಕಾಲ ನಿಂತವು. ಬೆಂಕಿಯಿಂದ ನೇರವಾಗಿ ಸುಟ್ಟುಹೋದದ್ದರಿಂದ ಆದ ವ್ಯತ್ಯಯ ಶೇ 1ರಷ್ಟು ಮಾತ್ರ, ಶೇ 88ರಷ್ಟಕ್ಕೆ ಕಾರಣ ವಿದ್ಯುತ್ ಕಡಿತ. ಅಂದರೆ ಟವರುಗಳು ನಿಂತೇ ಇದ್ದವು, ಕರೆಂಟ್ ಇರಲಿಲ್ಲ. ಊರು ಬಿಟ್ಟು ಹೊರಡಬೇಕೋ ಉಳಿಯಬೇಕೋ ಎಂದು ತಿಳಿಯಬೇಕಾದ ಗಳಿಗೆಯಲ್ಲಿ ಬ್ಯಾಟರಿ ಮುಗಿದ ಟವರಿನ ಕೆಳಗೆ ಜನ ನಿಂತಿದ್ದರು.

ಇಲ್ಲೊಂದು ಹಿನ್ನಡೆಯನ್ನು ಗುರುತಿಸಬೇಕು. ಹಳೆಯ ತಾಮ್ರದ ತಂತಿಯ ಫೋನಿಗೆ ಬೇಕಾದ ವಿದ್ಯುತ್ತು ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ತಂತಿಯ ಮೂಲಕ ಬರುತ್ತಿತ್ತು. ಊರಿಗೆ ಕರೆಂಟ್ ಹೋದರೂ ಫೋನ್ ರಿಂಗಾಗುತ್ತಿತ್ತು. ಹೊಸ ಬ್ರಾಡ್‌ಬ್ಯಾಂಡ್ ಜಾಲದಲ್ಲಿ ಮನೆಯ ಕರೆಂಟ್ ಹೋದರೆ ಮೋಡೆಮ್ ಹೋಗುತ್ತದೆ, ಮೋಡೆಮ್ ಹೋದರೆ ಮನೆಯ ಫೋನೂ ಹೋಗುತ್ತದೆ. ವೇಗ ಬಂತು, ಆಪತ್ತಿನಲ್ಲಿ ನಿಲ್ಲುವ ಗುಣ ಹೋಯಿತು. ಈ ವಿನಿಮಯದ ಬಗ್ಗೆ ಗ್ರಾಹಕನನ್ನು ಯಾರೂ ಕೇಳಲಿಲ್ಲ. ಬ್ಯಾಟರಿ ಕೊಳ್ಳುವ ಖರ್ಚು ಮಾತ್ರ ಅವನ ತಲೆಗೆ ಬಿತ್ತು. ಕಾಳ್ಗಿಚ್ಚಿನ ಬಳಿಕ ಸರ್ಕಾರದ ನೆರವಿನಿಂದ ಕೆಲವು ಟವರುಗಳಿಗೆ ಕನಿಷ್ಠ 12 ಗಂಟೆ ಬಾಳುವ ಬ್ಯಾಟರಿ ಅಳವಡಿಸುವ ಕೆಲಸ ನಡೆಯಿತು. ಒಳ್ಳೆಯದೇ. ಆದರೆ ಇದು ಅನುದಾನದಿಂದ ಆದ ಉಪಕಾರವಾಗಿ ಉಳಿದಿದೆಯೇ ಹೊರತು ಎಲ್ಲ ಟವರುಗಳಿಗೂ ಅನ್ವಯಿಸುವ ಕಡ್ಡಾಯ ಮಟ್ಟವಾಗಿಲ್ಲ.

ಲೆಕ್ಕದ ಪ್ರಶ್ನೆ ಅತ್ಯಂತ ನೋವಿನಿಂದ ಎದ್ದು ನಿಲ್ಲುವುದು ತುರ್ತು ಕರೆಗಳಲ್ಲಿ. ಆಂಬುಲೆನ್ಸ್, ಪೊಲೀಸ್, ಅಗ್ನಿಶಾಮಕ ಮೂರಕ್ಕೂ ಅಲ್ಲಿ ಒಂದೇ ಸಂಖ್ಯೆ, ಟ್ರಿಪಲ್ ಝೀರೋ. ತನ್ನ ಕಂಪನಿಯ ಸಿಗ್ನಲ್ ಇಲ್ಲದಿದ್ದರೆ ಫೋನ್ ಬೇರೆ ಕಂಪನಿಯ ಜಾಲ ಹಿಡಿದು ಈ ಕರೆಯನ್ನು ದಾಟಿಸಬೇಕು. 2023ರಲ್ಲಿ ಆಪ್ಟಸ್ ಜಾಲ ಬಿದ್ದಾಗ ಹಲವರ ಫೋನು ಹಾಗೆ ಮಾಡಲಿಲ್ಲ. ಮುಖ್ಯ ಜಾಲದಿಂದ ಕಡಿದುಹೋದ ಕೆಲವು ಟವರುಗಳು ಸಿಗ್ನಲ್ ಬಿಡುತ್ತಲೇ ಇದ್ದವು. ಫೋನುಗಳು ಅವಕ್ಕೇ ಅಂಟಿಕೊಂಡವು. ಎಷ್ಟು ಕರೆ ವಿಫಲವಾದವು ಎಂದು ಸೆನೆಟ್ ಕೇಳಿದಾಗ ಕಂಪನಿ ಕೊಟ್ಟ ಸಂಖ್ಯೆ 228. ಒಂದು ವರ್ಷದ ಬಳಿಕ ಅಲ್ಲಿನ ಸಂವಹನ ಮತ್ತು ಮಾಧ್ಯಮ ಪ್ರಾಧಿಕಾರದ ತನಿಖೆ ಮುಗಿದಾಗ ಹೊರಬಂದ ಸಂಖ್ಯೆ 2,145 ಜನ. ಕರೆ ಸಿಗದವರನ್ನು ಆಮೇಲೆ ಸಂಪರ್ಕಿಸಿ ಹೇಗಿದ್ದಾರೆಂದು ವಿಚಾರಿಸುವ ಕರ್ತವ್ಯದಲ್ಲಿ ಕಂಪನಿ 369 ಜನರ ವಿಷಯದಲ್ಲಿ ತಪ್ಪಿತ್ತು. 1.2 ಕೋಟಿ ಡಾಲರ್‌ಗೂ ಹೆಚ್ಚು ದಂಡ ಬಿತ್ತು. ಆ ಹಣ ಸರ್ಕಾರದ ಖಜಾನೆಗೆ ಹೋಯಿತು. ಕರೆ ಮಾಡಿ ಉತ್ತರ ಸಿಗದೆ ಉಳಿದವರಿಗೆ ಅದರಿಂದ ಏನೂ ಬರಲಿಲ್ಲ.

ತಪ್ಪು ಒಂದೇ ಕಂಪನಿಯದಲ್ಲ. ದೇಶದ ಎಲ್ಲ ತುರ್ತು ಕರೆಗಳನ್ನೂ ಮೊದಲು ಸ್ವೀಕರಿಸಿ ರಾಜ್ಯಗಳ ಸೇವೆಗೆ ದಾಟಿಸುವ ಹೊಣೆ ಟೆಲ್‌ಸ್ಟ್ರಾದು. 2024ರ ಮಾರ್ಚ್ 1ರಂದು ಆ ಕೇಂದ್ರದ ವ್ಯವಸ್ಥೆ ಸುಮಾರು ಒಂದೂವರೆ ಗಂಟೆ ಕೆಟ್ಟಿತು. ಪರ್ಯಾಯವಾಗಿ ಬಳಸಬೇಕಿದ್ದ ಫೋನ್ ಸಂಖ್ಯೆಗಳ ಪಟ್ಟಿಯಲ್ಲಿ ಕೆಲವು ತಪ್ಪಾಗಿದ್ದವು. 127 ಕರೆಗಳನ್ನು ಸರಿಯಾಗಿ ದಾಟಿಸಲಾಗಲಿಲ್ಲ. ಅತ್ಯಾಧುನಿಕ ಯಂತ್ರ ಕೆಟ್ಟದ್ದಕ್ಕಿಂತ, ಕಾಲಕಾಲಕ್ಕೆ ಒಮ್ಮೆ ಪರಿಶೀಲಿಸಿದ್ದರೆ ಸಾಕಿದ್ದ ಒಂದು ಸಂಖ್ಯೆಪಟ್ಟಿ ಹಳಸಿದ್ದುದು ಇಲ್ಲಿ ಹೆಚ್ಚು ಗಂಭೀರ ಸಂಗತಿ.

2023ರ ನವೆಂಬರ್ ಪತನದ ಕುರಿತು ಸರ್ಕಾರ ನೇಮಿಸಿದ ರಿಚರ್ಡ್ ಬೀನ್ ಅವರ ವರದಿ 2024ರ ಏಪ್ರಿಲ್ 30ರಂದು ಪ್ರಕಟವಾಯಿತು. ಅದರಲ್ಲಿ 18 ಶಿಫಾರಸುಗಳಿದ್ದವು. ತುರ್ತು ಕರೆ ವ್ಯವಸ್ಥೆಯನ್ನು ಮೊದಲಿಂದ ಕೊನೆಯವರೆಗೆ ಕಾಯುವ ಒಬ್ಬ ಪಾಲಕ ಬೇಕು ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಸರ್ಕಾರ ಎಲ್ಲವನ್ನೂ ತಾತ್ವಿಕವಾಗಿ ಒಪ್ಪಿತು. ಪಾಲಕನಿಗೆ ಕಾನೂನಿನ ಬಲ ಕೊಡುವ ಮಸೂದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು ಮಾತ್ರ 2025ರ ಅಕ್ಟೋಬರ್‌ನಲ್ಲಿ. ಆ ವಿಳಂಬದ ನಡುವೆಯೇ 2025ರ ಸೆಪ್ಟೆಂಬರ್ 18 ಬಂತು. ಆಪ್ಟಸ್ ಫೈರ್‌ವಾಲ್ ಅಪ್‌ಗ್ರೇಡ್ ಮಾಡುವಾಗ ಕ್ರಮ ತಪ್ಪಿ ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ, ನಾರ್ದರ್ನ್ ಟೆರಿಟರಿ ಮತ್ತು ನ್ಯೂ ಸೌತ್ ವೇಲ್ಸ್‌ನ ಒಂದು ಭಾಗದಲ್ಲಿ ತುರ್ತು ಕರೆಗಳು ಸುಮಾರು 13 ಗಂಟೆ ಕಾಲ ದಾಟಲಿಲ್ಲ. ಮಾಮೂಲಿ ಕರೆಗಳು ಹೋಗುತ್ತಿದ್ದುದರಿಂದ ಜಾಲ ಚೆನ್ನಾಗಿದೆಯೆಂದೇ ಕಂಪನಿಯ ಪರದೆಗಳು ತೋರಿಸುತ್ತಿದ್ದವು. ಕೆರಿ ಶಾಟ್ ಅವರ ಸ್ವತಂತ್ರ ವರದಿಯ ಪ್ರಕಾರ 455 ಕರೆಗಳು ತಲುಪಲಿಲ್ಲ. ಈ ವೈಫಲ್ಯದೊಂದಿಗೆ ಸಾವುಗಳೂ ತಳಕು ಹಾಕಿಕೊಂಡವು.

ಈ ಘಟನೆಯ ಒಂದು ವಿವರ ನನ್ನ ವಾದಕ್ಕೆಲ್ಲ ಕೇಂದ್ರವೆನಿಸುತ್ತದೆ. ಟ್ರಿಪಲ್ ಝೀರೋ ಹೋಗುತ್ತಿಲ್ಲವೆಂದು ಕೆಲವು ಗ್ರಾಹಕರು ಅದೇ ಬೆಳಿಗ್ಗೆ ಕಂಪನಿಯ ಕಾಲ್ ಸೆಂಟರಿಗೆ ಫೋನ್ ಮಾಡಿ ಹೇಳಿದ್ದರು. ಆ ಮಾತು ಮೇಲಿನವರಿಗೆ ಮುಟ್ಟಲಿಲ್ಲ. ಎಂಜಿನಿಯರಿಗಿಂತ, ಮುಖ್ಯಸ್ಥನಿಗಿಂತ, ಸಚಿವೆಗಿಂತ ಮೊದಲು ವಿಷಯ ಗೊತ್ತಾದದ್ದು ಗ್ರಾಹಕನಿಗೆ. ಅವನ ಮಾತನ್ನು ದೂರು ಎಂದು ಪರಿಗಣಿಸಿದರು, ಸಾಕ್ಷಿ ಎಂದು ಪರಿಗಣಿಸಲಿಲ್ಲ. ವರ್ಷಗಳಿಂದ ಗ್ರಾಹಕನ ಕರೆಯನ್ನು ಸಾಧ್ಯವಾದಷ್ಟು ಬೇಗ ಮುಗಿಸಬೇಕಾದ ಖರ್ಚು ಎಂದು ನೋಡಿದ ಸಂಸ್ಥೆಗೆ, ಆ ಕರೆಯಲ್ಲಿ ಜೀವ ಉಳಿಸುವ ಮಾಹಿತಿ ಇರಬಹುದೆಂದು ಒಂದು ಮುಂಜಾನೆ ಇದ್ದಕ್ಕಿದ್ದಂತೆ ಹೊಳೆಯುವುದಿಲ್ಲ. ಕಸ್ಟಮರ್ ಕೇರ್‌ನಲ್ಲಿ ಗ್ರಾಹಕರು ಅನುಭವಿಸುವ ದಿನನಿತ್ಯದ ಅಸಡ್ಡೆ, ಆ ದಿನದ ಅನಾಹುತ ಇವೆರಡರ ಬೇರೂ ಒಂದೇ.

ಕಂಪನಿಗಳ ಪರವಾಗಿ ಹೇಳಬಹುದಾದ ಮಾತುಗಳೂ ಇವೆ. ದೇಶ ವಿಶಾಲ, ಜನ ವಿರಳ. ಮರುಭೂಮಿಯ ಅಂಚಿನ ಒಂದು ಟವರಿಗೆ ತಗಲುವ ಖರ್ಚನ್ನು ಅದರ ಗ್ರಾಹಕರು ಎಂದಿಗೂ ತುಂಬಿಕೊಡಲಾರರು. ಸ್ವಯಂಚಾಲಿತ ಪರಿಹಾರ ತಂದರೆ ಅದರ ಭಾರ ಎಲ್ಲರ ಬಿಲ್ಲಿಗೆ ಹಂಚಿಕೆಯಾಗುತ್ತದೆ. ಮೊದಲನೆಯದಕ್ಕೆ ಸಾರ್ವಜನಿಕ ಹಣ ಬೇಕೆಂಬುದನ್ನು ನಾನು ಒಪ್ಪುತ್ತೇನೆ; ರಸ್ತೆ, ನೀರು, ಶಾಲೆಗಳಂತೆ ಇದೂ ದೇಶವೇ ಹೊರಬೇಕಾದ ಹೊಣೆ. ಎರಡನೆಯ ವಾದವನ್ನು ಒಪ್ಪಲಾರೆ. ವ್ಯತ್ಯಯದ ವೆಚ್ಚ ಈಗಲೂ ಇದೆ. ಅದನ್ನು ಹೂವಿನ ಅಂಗಡಿಯವಳು, ಟ್ಯಾಕ್ಸಿಯವನು, ವಿದ್ಯಾರ್ಥಿ ಸದ್ದಿಲ್ಲದೆ ಭರಿಸುತ್ತಿದ್ದಾರೆ, ಅಷ್ಟೆ. ಆ ವೆಚ್ಚ ಕಂಪನಿಯ ಪುಸ್ತಕಕ್ಕೆ ಏರಿದ ದಿನ ಅದನ್ನು ಕಡಿಮೆ ಮಾಡುವ ಆಸಕ್ತಿಯೂ ಕಂಪನಿಗೆ ಹುಟ್ಟುತ್ತದೆ. ಅಪ್‌ಗ್ರೇಡ್‌ಗೆ ಮುನ್ನ ಇನ್ನೊಮ್ಮೆ ಪರೀಕ್ಷೆ, ಇನ್ನೊಂದು ಬದಲಿ ಮಾರ್ಗ, ಇನ್ನಷ್ಟು ಬ್ಯಾಟರಿ ಇವೆಲ್ಲ ಆಗ ದಾನಧರ್ಮವಾಗದೆ ವ್ಯಾಪಾರದ ವಿವೇಕವಾಗುತ್ತವೆ.

ಒಟ್ಟು ಬೆಲೆ ಕಟ್ಟುವುದಾದರೆ, ಆಸ್ಟ್ರೇಲಿಯಾ ಅರ್ಧ ದಾರಿ ಬಂದಿದೆ. ತಿಳಿಸುವ ಕರ್ತವ್ಯವನ್ನು ಅದು ಕಾನೂನಾಗಿಸಿದೆ, ತುರ್ತು ಕರೆಗಳಿಗೊಬ್ಬ ಪಾಲಕನನ್ನು ನಿಲ್ಲಿಸಿದೆ, ದೂರು ಕೇಳುವ ನಿಷ್ಪಕ್ಷ ಸಂಸ್ಥೆಯನ್ನು ಮೂರು ದಶಕಗಳಿಂದ ಉಳಿಸಿಕೊಂಡಿದೆ. ಅನೇಕ ದೇಶಗಳಲ್ಲಿ ಇಷ್ಟೂ ಇಲ್ಲ. ಉಳಿದರ್ಧ ದಾರಿಗೆ ಬೇಕಾದದ್ದು ಹೊಸ ತಂತ್ರಜ್ಞಾನವೇನಲ್ಲ. ಲ್ಯಾಂಡ್‌ಲೈನಿಗೆ ಕೊಟ್ಟ ಖಾತರಿಯನ್ನು ಮೊಬೈಲಿಗೂ ಬ್ರಾಡ್‌ಬ್ಯಾಂಡಿಗೂ ವಿಸ್ತರಿಸಬೇಕು. ಪರಿಹಾರ ಕೇಳದೆಯೇ ಬರಬೇಕು, ಹಣದ ರೂಪದಲ್ಲಿ ಬರಬೇಕು. ಸಂಪರ್ಕಗಳ ಒಟ್ಟು ಸಂಖ್ಯೆಯ ಜತೆಗೆ, ಒಂದು ಊರಿಗೆ ಬೇರೆ ದಾರಿ ಇದೆಯೇ ಇಲ್ಲವೇ ಎಂಬುದೂ ‘ಗಮನಾರ್ಹ’ ವ್ಯತ್ಯಯದ ಅಳತೆಗೆ ಸೇರಬೇಕು. ಟವರುಗಳ ಬ್ಯಾಟರಿಗೆ ಕಡ್ಡಾಯ ಅವಧಿ ಗೊತ್ತಾಗಬೇಕು. ಗ್ರಾಹಕ ಫೋನ್ ಮಾಡಿ ತುರ್ತು ಕರೆ ಹೋಗುತ್ತಿಲ್ಲವೆಂದರೆ ಆ ಒಂದು ಮಾತು ನೇರವಾಗಿ ಜಾಲ ನೋಡಿಕೊಳ್ಳುವವರ ಕಿವಿಗೆ ಬೀಳಬೇಕು. ಇವು ಆಗುವವರೆಗೆ ಕಂಪನಿಗಳು ಎಷ್ಟೇ ಪ್ರಾಮಾಣಿಕವಾಗಿ ಕ್ಷಮೆ ಕೇಳಿದರೂ ಗ್ರಾಹಕರ ಸಿಟ್ಟು ಆರುವುದಿಲ್ಲ, ಆರಬೇಕಾಗಿಯೂ ಇಲ್ಲ.